ವಾರ್ಡಿನ ರೋಗಿಗೆ ಕರುಳು ತೊಳೆಯುವ ಔಷಧಿ: ಯಾವುದು, ಯಾರಿಗೆ, ಎಷ್ಟು ಗಂಟೆಗೆ?

ಇಂಡಿ ಕಡೆಯ ಯಜಮಾನರೊಬ್ಬರು ಕೊಲೊನೊಸ್ಕೋಪಿಗೆಂದು (ಗುದದ್ವಾರದಿಂದ ಕ್ಯಾಮೆರಾದ ಕೊಳವೆ ಹಾಕಿ ದೊಡ್ಡಕರುಳನ್ನು ನೋಡುವ ಪರೀಕ್ಷೆ) ನಮ್ಮ ವಾರ್ಡಿನಲ್ಲಿ ದಾಖಲಾಗಿದ್ದರು. "ಇವತ್ತು ಏಕಾದಶಿ ತಂಗಿ, ಉಪವಾಸವಿದ್ದೇನೆ. ಹೊಟ್ಟೆಯಲ್ಲಿ ಏನೂ ಇಲ್ಲ, ಇಷ್ಟೆಲ್ಲ ಯಾಕೆ ಕುಡಿಯಬೇಕು?" ಎಂದು ಕರುಳು ತೊಳೆಯುವ ಔಷಧಿಯ ಜಗ್ಗನ್ನು ಅರ್ಧಕ್ಕೇ ಸರಿಸಿದರು. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ. ಮರುದಿನ ಪರದೆಯ ಮೇಲೆ ಕರುಳಿನ ಮಡಿಕೆ ಮಡಿಕೆಯಲ್ಲೂ ಶೇಂಗಾದ ಚೂರು. ಉಪವಾಸವೆಂದರೆ ಸಾಬುದಾಣಿ ಖಿಚಡಿ, ಖಿಚಡಿಯೆಂದರೆ ಕೈತುಂಬ ಶೇಂಗಾ ಎಂಬುದು ವಿಜಯಪುರ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಬೇಕಿತ್ತು. ಪರೀಕ್ಷೆ ಅರ್ಧಕ್ಕೆ ನಿಂತಿತು. ಯಜಮಾನರು ಇನ್ನೂ ಒಂದು ದಿನ ವಾರ್ಡಿನಲ್ಲಿ ಉಳಿದು, ಅದೇ ಜಗ್ಗನ್ನು ಮತ್ತೊಮ್ಮೆ ಕುಡಿಯಬೇಕಾಯಿತು.

ನಾನು ನರ್ಸ್. ವರ್ಷಗಟ್ಟಲೆ ವಾರ್ಡಿನಲ್ಲಿ ಈ ಔಷಧಿ ಕುಡಿಸಿದವಳು, ಈಗ ಎಂಡೋಸ್ಕೋಪಿ ಕೋಣೆಯಲ್ಲಿ ನಿಂತು ಅದರ ಫಲ ನೋಡುವವಳು. ಎರಡೂ ಕಡೆ ನಿಂತು ನೋಡಿದ ಮೇಲೆ ನನಗನ್ನಿಸಿರುವುದು ಇಷ್ಟು: ಯಾವ ಔಷಧಿ ಎಂಬುದನ್ನು ಬಹುಪಾಲು ರೋಗಿಯ ಕಿಡ್ನಿ ಮತ್ತು ಹೃದಯವೇ ತೀರ್ಮಾನಿಸಿರುತ್ತವೆ. ನಮ್ಮ ಕೈಯಲ್ಲಿ ಉಳಿಯುವುದು ಅದನ್ನು ಯಾವ ಗಂಟೆಗೆ, ಎಷ್ಟು, ಯಾರ ಕಣ್ಣೆದುರು ಕುಡಿಸುತ್ತೇವೆ ಎಂಬುದು. ಪರೀಕ್ಷೆ ಕೆಡುವುದು ಹೆಚ್ಚಾಗಿ ಈ ಎರಡನೆಯದರಲ್ಲಿ.

ಮನೆಯಿಂದ ಬರುವವರ ಲೆಕ್ಕ ವಾರ್ಡಿಗೆ ಹೊಂದುವುದಿಲ್ಲ

ಊರೊಳಗಿನ ರೋಗಿ ಮನೆಯಲ್ಲೇ ಔಷಧಿ ಕುಡಿದು, ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ, ಬೆಳಿಗ್ಗೆ ಆಟೋದಲ್ಲಿ ಬಂದು ಪರೀಕ್ಷೆ ಮುಗಿಸಿಕೊಂಡು ಹೋಗುತ್ತಾನೆ. ಅವನಿಗೆ ಕಡಿಮೆ ಪ್ರಮಾಣದ ಔಷಧಿಯೂ ಸಾಕಾಗುತ್ತದೆ. ಅಥಣಿ, ರಾಮದುರ್ಗ, ಜಮಖಂಡಿ, ಮುದ್ದೇಬಿಹಾಳದಿಂದ ಬರುವವರು ಇದನ್ನು ಕುಡಿದು ಬಸ್ ಹತ್ತಲಾಗದು. ಅಂಥವರನ್ನು ದೂರದ ಕಾರಣಕ್ಕೆ ಒಂದು ದಿನ ಮೊದಲೇ ದಾಖಲಿಸಿಕೊಂಡರೂ ಅವರ ಕರುಳು ಮನೆಯಿಂದ ಬಂದವನ ಕರುಳಿನಂತೆಯೇ ನಡೆದುಕೊಳ್ಳುತ್ತದೆ.

ಕಷ್ಟ ಇರುವುದು ನಿಜವಾಗಿ ಕಾಯಿಲೆಯಾಗಿ ಮಲಗಿದವರಲ್ಲಿ. ದಿನಗಟ್ಟಲೆ ಹಾಸಿಗೆಯಲ್ಲಿದ್ದರೆ ಕರುಳಿನ ಓಟವೂ ಮಂದವಾಗುತ್ತದೆ. ನೋವಿಗೆ ಟ್ರಮಡಾಲ್ ಅಥವಾ ಮಾರ್ಫಿನ್ ನಡೆಯುತ್ತಿದ್ದರೆ ಇನ್ನೂ ಮಂದ. ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್, ಪಾರ್ಶ್ವವಾಯು, ಲಿವರ್ ಸಿರೋಸಿಸ್, ಮೊದಲಿನಿಂದಲೂ ಮಲಬದ್ಧತೆ, ಹಿಂದೊಮ್ಮೆ ಸರಿಯಾಗಿ ಶುಚಿಯಾಗದೆ ಪರೀಕ್ಷೆ ಕೆಟ್ಟ ಅನುಭವ, ಇವುಗಳಲ್ಲಿ ಯಾವುದಿದ್ದರೂ ಕೇಸ್ ಶೀಟಿನ ಮೇಲೆ ದಪ್ಪಗೆ ಬರೆದಿಡಿ. ಆಸ್ಪತ್ರೆಯಲ್ಲಿ ದಾಖಲಾಗಿರುವುದೇ ಕರುಳು ಶುಚಿಯಾಗದಿರಲು ಒಂದು ಕಾರಣವೆಂದು ತಜ್ಞರು ಎಣಿಸುತ್ತಾರೆ.

ಇನ್ನೊಂದು ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ. ರಕ್ತ ಕಡಿಮೆಯಿದೆ ಎಂದು ಹೆಂಗಸೊಬ್ಬಳು ದಾಖಲಾಗುತ್ತಾಳೆ. ಬಂದ ದಿನವೇ ಕಬ್ಬಿಣದ ಮಾತ್ರೆ ಆರಂಭ. ಮೂರನೆಯ ದಿನ ರಕ್ತ ಎಲ್ಲಿ ಸೋರುತ್ತಿದೆ ನೋಡೋಣವೆಂದು ಕೊಲೊನೊಸ್ಕೋಪಿ. ಕಬ್ಬಿಣವು ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುತ್ತದೆ, ಅದಕ್ಕೇ ಐದರಿಂದ ಏಳು ದಿನ ಮೊದಲು ನಿಲ್ಲಿಸಬೇಕು ಎನ್ನುವುದು. ಕೊಲೊನೊಸ್ಕೋಪಿ ಆಗಬಹುದು ಎಂಬ ಅನುಮಾನವಿದ್ದರೂ ಸಾಕು, ಆ ಮಾತ್ರೆಯನ್ನು ಪರೀಕ್ಷೆಯ ನಂತರಕ್ಕೆ ಇಡಬಹುದೇ ಎಂದು ರೌಂಡ್ಸ್‌ನಲ್ಲಿ ಕೇಳಿ.

ಪೆಗ್: ರುಚಿ ಕೆಟ್ಟದ್ದು, ಗುಣ ಒಳ್ಳೆಯದು

ಪೆಗ್ ಎಂದರೆ ಪಾಲಿಎಥಿಲೀನ್ ಗ್ಲೈಕಾಲ್. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಪೊಟ್ಟಣದಲ್ಲಿ 118 ಗ್ರಾಂ ಪೆಗ್ ಮತ್ತು ಅದರೊಡನೆ ಸೋಡಿಯಂ, ಪೊಟ್ಯಾಸಿಯಂ ಲವಣಗಳಿರುತ್ತವೆ. ಒಂದು ಪೊಟ್ಟಣಕ್ಕೆ 2 ಲೀಟರ್ ಕುಡಿಯುವ ನೀರು. ಪೆಗ್ ರಕ್ತಕ್ಕೆ ಸೇರುವುದಿಲ್ಲವೆಂದೇ ಹೇಳಬೇಕು. ನೀರನ್ನು ತನ್ನೊಡನೆ ಹಿಡಿದುಕೊಂಡು ಮೇಲಿನಿಂದ ಕೆಳಗೆ ಹರಿದು ಹೋಗುತ್ತದೆ. ಲವಣಗಳನ್ನು ಹದವಾಗಿ ಬೆರೆಸಿರುವುದರಿಂದ ಅದು ಮೈಯಿಂದ ನೀರನ್ನು ಎಳೆಯುವುದೂ ಇಲ್ಲ, ಮೈಗೆ ನೀರು ತುಂಬುವುದೂ ಇಲ್ಲ. ಅಮೆರಿಕದ ವೈದ್ಯ ಫೋರ್ಡ್‌ಟ್ರಾನ್ ಮತ್ತು ಅವರ ಸಂಗಡಿಗರು 1980ರಲ್ಲಿ ಪ್ರಕಟಿಸಿದ ದ್ರಾವಣದ ಉಪಾಯವೇ ಇದು. ಕಿಡ್ನಿ ಸೋತವರಿಗೆ, ಹೃದಯ ದುರ್ಬಲವಾದವರಿಗೆ, ಲಿವರ್ ಕೆಟ್ಟವರಿಗೆ, ವಯಸ್ಸಾದವರಿಗೆ ಪೆಗ್ ಮೊದಲ ಆಯ್ಕೆಯಾಗಿರುವುದು ಇದರಿಂದಲೇ. ವಾರ್ಡಿನಲ್ಲಿ ಇರುವವರು ಬಹುಪಾಲು ಇಂಥವರೇ ಅಲ್ಲವೇ?

ಪೆಗ್‌ನ ದೋಷ ಅದರ ಪ್ರಮಾಣ. ವಾರ್ಡಿನ ರೋಗಿಗೆ ಸಾಮಾನ್ಯವಾಗಿ ಒಟ್ಟು 4 ಲೀಟರ್ ಬರೆಯುತ್ತಾರೆ, ಸಂಜೆ ಎರಡು, ಬೆಳಗಿನ ಜಾವ ಎರಡು. ಉಪ್ಪುಪ್ಪಾಗಿ, ಸೋಪಿನ ನೀರಿನಂತೆ ಇರುವುದನ್ನು ಅಷ್ಟು ಕುಡಿಯುವುದು ಸುಲಭವಲ್ಲ. ಕನಿಕರದಿಂದ ಜೊತೆಗಿರುವವರು ಎರಡು ಕೆಲಸ ಮಾಡುತ್ತಾರೆ, ಎರಡೂ ತಪ್ಪು. ಒಂದು, ಪೊಟ್ಟಣವನ್ನು ಒಂದೇ ಲೀಟರಿನಲ್ಲಿ ಕಲಸುವುದು. ಇನ್ನೊಂದು, ಜಗ್ಗಿಗೆ ಸಕ್ಕರೆ ಸುರಿಯುವುದು. ಹದ ತಪ್ಪಿದರೆ ಪೆಗ್ ಪೆಗ್ ಆಗಿ ಉಳಿಯುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಗುಟುಕುಗಳ ನಡುವೆ ನಿಂಬೆಯ ಚೂರನ್ನು ನೆಕ್ಕಲು ಕೊಡಿ, ನಳಿಕೆಯಲ್ಲಿ ಕುಡಿಸಿ. ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಆರಂಭಿಸಿ. ವಾಂತಿ ನಿಲ್ಲದಿದ್ದರೆ ವೈದ್ಯರಿಗೆ ಹೇಳಿ ಔಷಧಿ ಬರೆಸಿಕೊಳ್ಳಿ.

ನಾನು ಮಾಡುವುದು ಹೀಗೆ. ಎರಡು ಲೀಟರಿನ ಪಾರದರ್ಶಕ ಜಗ್ಗಿನ ಮೈಗೆ ಉದ್ದಕ್ಕೆ ಬಿಳಿ ಪ್ಲಾಸ್ಟರ್ ಅಂಟಿಸಿ, 250 ಮಿಲಿಲೀಟರಿಗೊಂದರಂತೆ ಎಂಟು ಗೆರೆ ಎಳೆಯುತ್ತೇನೆ. ಪ್ರತಿ ಗೆರೆಯ ಪಕ್ಕ ಸಮಯ: 6.00, 6.15, 6.30. ಅಕ್ಷರ ಬಾರದ ಅಜ್ಜಿಗೂ ನೀರು ಯಾವ ಗೆರೆಗೆ ಇಳಿಯಬೇಕೆಂಬುದು ತಿಳಿಯುತ್ತದೆ. "ಎಲ್ಲ ಕುಡಿದರು ಸಿಸ್ಟರ್" ಎಂಬ ಮಾತನ್ನು ನಂಬಬೇಕಾದ ಪ್ರಸಂಗವೂ ಇಲ್ಲ. ಮುಧೋಳದ ಅಜ್ಜಿಯೊಬ್ಬರು ಮೂರು ಲೋಟ ಔಷಧಿಯನ್ನು ಕಿಟಕಿಯಿಂದಾಚೆ ಕಣಗಿಲೆ ಗಿಡಕ್ಕೆ ಸುರಿದದ್ದು ನನಗೆ ಗೊತ್ತಾದದ್ದು ಪಕ್ಕದ ಹಾಸಿಗೆಯವರಿಂದ.

ಕಡಿಮೆ ಕುಡಿಯುವ ಔಷಧಿಗಳು

ಸಲ್ಫೇಟ್ ದ್ರಾವಣ ಚಿಕ್ಕ ಬಾಟಲಿಯಲ್ಲಿ ಬರುತ್ತದೆ, 177 ಮಿಲಿಲೀಟರಿನದು. ಅದಕ್ಕೆ ನೀರು ಸೇರಿಸಿ ಸುಮಾರು ಅರ್ಧ ಲೀಟರ್ ಮಾಡಿ ಕುಡಿದು, ಮುಂದಿನ ಒಂದು ಗಂಟೆಯಲ್ಲಿ ಇನ್ನೊಂದು ಲೀಟರಿನಷ್ಟು ಬರಿ ನೀರು ಕುಡಿಯಬೇಕು. ಸಂಜೆ ಒಂದು ಬಾಟಲಿ, ಬೆಳಿಗ್ಗೆ ಒಂದು. ರೋಗಿಗಳು ಪೆಗ್‌ಗಿಂತ ಇದನ್ನು ಸಲೀಸಾಗಿ ಕುಡಿಯುತ್ತಾರೆ, ಕರುಳೂ ಚೆನ್ನಾಗಿ ಶುಚಿಯಾಗುತ್ತದೆ. ಮೋಸ ಹೋಗುವುದು ಬರಿ ನೀರಿನ ವಿಷಯದಲ್ಲಿ. ಬಾಟಲಿ ಮುಗಿದೊಡನೆ ಔಷಧಿ ಮುಗಿಯಿತೆಂದು ಮಲಗಿಬಿಡುತ್ತಾರೆ. ಇದು ಮೈಯೊಳಗಿನ ನೀರನ್ನು ಕರುಳಿಗೆ ಎಳೆದು ಕೆಲಸ ಮಾಡುವ ಔಷಧಿ. ಆ ನೀರನ್ನು ಹಿಂತಿರುಗಿಸಲೇಬೇಕು. ತೀವ್ರ ಕಿಡ್ನಿ ತೊಂದರೆ, ಹೃದಯ ವೈಫಲ್ಯ, ಹೃದಯದ ಬಡಿತದ ತೊಂದರೆ, ಫಿಟ್ಸ್ ಇರುವವರಿಗೆ ಕೊಡುವ ಮೊದಲು ಎರಡು ಸಲ ಯೋಚಿಸಬೇಕು.

ಪಿಕೋಸಲ್ಫೇಟ್ ಮತ್ತು ಮೆಗ್ನೀಸಿಯಂ ಸಿಟ್ರೇಟ್ ಇರುವ ಪುಡಿ ಇನ್ನೂ ಹಗುರ. ಒಂದು ಪೊಟ್ಟಣವನ್ನು 150 ಮಿಲಿಲೀಟರ್ ತಣ್ಣೀರಿಗೆ ಹಾಕಿ ಕಲಕಿದರೆ ಲೋಟ ಕೈಯಲ್ಲಿ ಬೆಚ್ಚಗಾಗುತ್ತದೆ. ಮೊದಲ ಸಲ ನೋಡಿದವರು ಔಷಧಿ ಕೆಟ್ಟಿದೆ ಎಂದುಕೊಳ್ಳುತ್ತಾರೆ; ಕೆಟ್ಟಿರುವುದಿಲ್ಲ, ಬೆರೆಯುವಾಗ ಹುಟ್ಟುವ ಕಾವು ಅದು. ಆರಲು ಬಿಟ್ಟು ಕುಡಿಸಿದರಾಯಿತು. ಮಕ್ಕಳೂ ಬೇಡವೆನ್ನದ ಹುಳಿಸಿಹಿ ರುಚಿ. ಆದರೆ ಮೆಗ್ನೀಸಿಯಂ ಹೊರಹೋಗಬೇಕಾದದ್ದು ಕಿಡ್ನಿಯ ಮೂಲಕ. ಕಿಡ್ನಿ ಕೆಟ್ಟವರಲ್ಲಿ ಅದು ರಕ್ತದಲ್ಲೇ ಉಳಿದು ಅಪಾಯ ತರುತ್ತದೆ. ಜೊತೆಗೆ ಭೇದಿಯಲ್ಲಿ ಉಪ್ಪು ಹೋಗಿ, ರೋಗಿ ಬರಿ ನೀರನ್ನೇ ಕುಡಿಯುತ್ತಾ ಹೋದರೆ ಸೋಡಿಯಂ ಇಳಿಯುತ್ತದೆ. ರಕ್ತದೊತ್ತಡಕ್ಕೆ ಥಯಾಜೈಡ್ ಮಾತ್ರೆ ನುಂಗುವ ವೃದ್ಧರಲ್ಲಿ ಈ ಭಯ ಹೆಚ್ಚು. ಬೆಳಿಗ್ಗೆ ಅಜ್ಜ ಮಂಕಾಗಿ ಕುಳಿತಿದ್ದರೆ ನಿದ್ದೆಗೆಟ್ಟಿದ್ದಕ್ಕೆ ಹಾಗೆ ಎಂದು ಬಿಡಬೇಡಿ, ಸೋಡಿಯಂ ನೋಡಿಸಿ. ಕುಡಿಯಲು ಬರಿ ನೀರಿನ ಜೊತೆಗೆ ಒಆರ್‌ಎಸ್, ಎಳನೀರು, ತಿಳಿ ಸಾರು ಕೊಡುತ್ತಿರಬೇಕು. ಪೊಟ್ಯಾಸಿಯಂ ಏರಿರುವ ಕಿಡ್ನಿ ರೋಗಿಗೆ ಮಾತ್ರ ಎಳನೀರು ಬೇಡ.

ನನ್ನ ಮಾತು ಕೇಳುವುದಾದರೆ, ರಕ್ತದ ಕ್ರಿಯೇಟಿನಿನ್ (ಕಿಡ್ನಿಯ ಕೆಲಸ ತೋರಿಸುವ ಅಂಶ) ಮತ್ತು ಲವಣಗಳ ವರದಿ ಸರಿಯಿದ್ದು, ಓಡಾಡಿಕೊಂಡಿರುವ, ಅರವತ್ತರೊಳಗಿನ ರೋಗಿಗೆ ಇವೆರಡರಲ್ಲಿ ಯಾವುದಾದರೂ ನಡೆಯುತ್ತದೆ. ವರದಿ ಇನ್ನೂ ಬಂದಿಲ್ಲವೆಂದರೆ ಪೆಗ್.

ನಲವತ್ತೈದು ಮಿಲಿಲೀಟರಿನ ಆಸೆ

ಸೋಡಿಯಂ ಫಾಸ್ಫೇಟ್ ದ್ರಾವಣದ ಬಗ್ಗೆ ಬೇರೆಯಾಗಿಯೇ ಹೇಳಬೇಕು. 45 ಮಿಲಿಲೀಟರಿನ ಪುಟ್ಟ ಬಾಟಲಿ, ಒಂದು ಲೋಟ ನೀರಿಗೆ ಬೆರೆಸಿ ಗಟಗಟ ಕುಡಿದರೆ ಮುಗಿಯಿತು. ಕುಡಿಸುವವರಿಗೂ ಕುಡಿಯುವವರಿಗೂ ಇಷ್ಟ. ಇದರ ಫಾಸ್ಫೇಟ್ ಕಿಡ್ನಿಯ ಸೂಕ್ಷ್ಮ ನಾಳಗಳಲ್ಲಿ ಹರಳುಗಟ್ಟಿ ಕೂತು, ಕೆಲವರಲ್ಲಿ ಕಿಡ್ನಿಯನ್ನು ಶಾಶ್ವತವಾಗಿ ಹಾಳು ಮಾಡಿದೆ. 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಕೊಟ್ಟಿತು. ಯುರೋಪಿನ ಎಂಡೋಸ್ಕೋಪಿ ಸಂಘ 2019ರ ಮಾರ್ಗಸೂಚಿಯಲ್ಲಿ ಇದನ್ನು ವಾಡಿಕೆಯಾಗಿ ಬಳಸಬಾರದೆಂದು ಹೇಳಿದೆ.

ಅಪಾಯ ಹೆಚ್ಚಿರುವುದು ಯಾರಲ್ಲಿ? ವಯಸ್ಸಾದವರು, ಮೈಯಲ್ಲಿ ನೀರು ಬತ್ತಿದವರು, ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್‌ನಂಥ ರಕ್ತದೊತ್ತಡದ ಮಾತ್ರೆ ನುಂಗುವವರು, ಮೂತ್ರ ಹೆಚ್ಚಿಸುವ ಮಾತ್ರೆಯವರು, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಯವರು. ಏಪ್ರಿಲ್‌ನಲ್ಲಿ, ಬಿಸಿಲು ನಲವತ್ತು ದಾಟಿದ ದಿನ, ಬಸವನ ಬಾಗೇವಾಡಿಯ ಹೊಲದಿಂದ ನೇರ ಬಂದು ದಾಖಲಾದ ಅರವತ್ತೆಂಟರ ರೈತನನ್ನು ನೆನೆಸಿಕೊಳ್ಳಿ. ಮೊಣಕಾಲು ನೋವಿಗೆ ದಿನಾ ಅಂಗಡಿಯ ಗುಳಿಗೆ, ಬಿಪಿಗೆ ಒಂದು ಮಾತ್ರೆ, ಬೆಳಗಿನಿಂದ ಎರಡು ತಂಬಿಗೆ ನೀರು. ಪಟ್ಟಿಯಲ್ಲಿರುವುದೆಲ್ಲ ಒಬ್ಬನಲ್ಲೇ ಇದೆ, ಇಂಥವರು ನಮ್ಮಲ್ಲಿ ವಾರಕ್ಕೊಬ್ಬರಾದರೂ ಬರುತ್ತಾರೆ. ಕರುಳಿನ ಉರಿಯೂತದ ಅನುಮಾನದಿಂದ ಪರೀಕ್ಷೆ ಮಾಡಿಸುವವರಲ್ಲಿ ಇನ್ನೊಂದು ಎಡವಟ್ಟು: ಫಾಸ್ಫೇಟ್ ತಾನೇ ಸಣ್ಣ ಸಣ್ಣ ಹುಣ್ಣುಗಳನ್ನು ಎಬ್ಬಿಸಿ ವೈದ್ಯರನ್ನು ದಾರಿ ತಪ್ಪಿಸಬಲ್ಲದು. ವಾರ್ಡಿನ ಕಪಾಟಿನಲ್ಲಿ ಈ ಬಾಟಲಿಗೆ ಜಾಗವೇ ಬೇಡವೆಂಬುದು ನನ್ನ ಅಭಿಪ್ರಾಯ.

ಉಳಿದವು ಬೇಗ ಮುಗಿಯುತ್ತವೆ. ಮ್ಯಾನಿಟಾಲ್ ಕುಡಿಸುವ ಹಳೆಯ ಪದ್ಧತಿ ಬೇಡ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಹೈಡ್ರೋಜನ್, ಮೀಥೇನ್ ಹುಟ್ಟಿಸುತ್ತವೆ, ಪಾಲಿಪ್ (ಕರುಳಿನ ಒಳಗೋಡೆಯ ಗಂಟು) ಸುಡುವ ವಿದ್ಯುತ್ ಕಿಡಿಗೆ ಕರುಳಿನೊಳಗೆ ಸ್ಫೋಟವಾದದ್ದುಂಟು. ಹರಳೆಣ್ಣೆ ಭೇದಿ ಮಾಡಿಸುತ್ತದೆ, ಕರುಳು ತೊಳೆಯುವುದಿಲ್ಲ. ಇಸಬಗೋಲು ಮಲದ ಗಾತ್ರವನ್ನು ಹೆಚ್ಚಿಸುವ ವಸ್ತು, ಅದನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕು. ಎನಿಮಾ ಎಡಗಡೆಯ ಕೊನೆಯ ಭಾಗವನ್ನಷ್ಟೇ ತೊಳೆಯುತ್ತದೆ. ಬಿಸಾಕೊಡಿಲ್ ಎಂಬ ಭೇದಿಯ ಮಾತ್ರೆ ಪೆಗ್‌ಗೆ ಜೊತೆಗಾರ, ಬದಲಿಯಲ್ಲ.

ವಾರ್ಡಿನ ಗಡಿಯಾರ

ಸಂಜೆ ಅರ್ಧ, ಬೆಳಗಿನ ಜಾವ ಅರ್ಧ. ಹೀಗೆ ಒಡೆದು ಕೊಡುವುದಕ್ಕೆ ಕಾರಣವಿದೆ. ರಾತ್ರಿಯೇ ಎಲ್ಲವನ್ನೂ ಕುಡಿಸಿ ಮಲಗಿಸಿದರೆ ಕರುಳು ಶುಚಿಯಾಗಿರುತ್ತದೆ, ನಿಜ. ಆದರೆ ರಾತ್ರಿಯಿಡೀ ಸಣ್ಣಕರುಳಿನಿಂದ ಪಿತ್ತ, ಲೋಳೆ ಇಳಿಯುತ್ತಲೇ ಇರುತ್ತವೆ. ಅವು ಬಂದು ಬಲಗಡೆಯ ದೊಡ್ಡಕರುಳಿನ ಗೋಡೆಗೆ ಅಂಟು ಬಳಿದಂತೆ ಕೂರುತ್ತವೆ. ಚಪ್ಪಟೆಯಾದ, ಕಣ್ಣಿಗೆ ಸುಲಭವಾಗಿ ಬೀಳದ ಪಾಲಿಪ್‌ಗಳು ಹೆಚ್ಚಾಗಿ ಇರುವುದೂ ಅದೇ ಬಲಗಡೆ. ಆದ್ದರಿಂದ ಎರಡನೆಯ ಅರ್ಧವನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಆರಂಭಿಸಿ, ಕನಿಷ್ಠ ಎರಡು ಗಂಟೆ ಮೊದಲು ಮುಗಿಸಬೇಕು. ಹತ್ತು ಗಂಟೆಗೆ ಪರೀಕ್ಷೆಯಿದ್ದರೆ ನಸುಕಿನ ಐದಕ್ಕೆ ಆರಂಭ, ಎಂಟರೊಳಗೆ ಜಗ್ಗು ಖಾಲಿ.

ಇಲ್ಲಿ ಅಡ್ಡ ಬರುವುದು ವಾರ್ಡಿನ ಹಳೆಯ ಮಂತ್ರ: "ರಾತ್ರಿ ಹನ್ನೆರಡರ ನಂತರ ಬಾಯಿಗೆ ಏನೂ ಇಲ್ಲ." ಹಾಸಿಗೆಯ ತಲೆಬದಿಗೆ ಆ ಚೀಟಿ ಅಂಟಿಸಿದ ಮೇಲೆ ನಸುಕಿಗೆ ಔಷಧಿ ಕುಡಿಸುವ ಧೈರ್ಯ ಯಾವ ನರ್ಸಿಗೂ ಬರುವುದಿಲ್ಲ. ಸಾಮಾನ್ಯ ರೋಗಿ ತಿಳಿಯಾದ ದ್ರವವನ್ನು ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು. ಹೊಟ್ಟೆ ನಿಧಾನವಾಗಿ ಖಾಲಿಯಾಗುವ ಹಳೆಯ ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಅರಿವಳಿಕೆ ವೈದ್ಯರು ಬೇರೆ ಹೇಳಬಹುದು. ಅದನ್ನು ಹಿಂದಿನ ಸಂಜೆಯೇ ಕೇಳಿ, ಗಂಟೆ ಸಹಿತ ಬರೆಸಿಕೊಳ್ಳಿ. ಮಧ್ಯಾಹ್ನದ ಪರೀಕ್ಷೆಯಾದರೆ ಎಲ್ಲವನ್ನೂ ಅದೇ ದಿನ ಬೆಳಿಗ್ಗೆ ಕುಡಿಸಬಹುದು. ಕಷ್ಟದ ರೋಗಿಯನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಳ್ಳುವುದರಲ್ಲಿ ಜಾಣತನವಿದೆ.

ಇದರಲ್ಲಿ ನಾನೂ ಎಡವಿದ್ದೇನೆ. ಖಾನಾಪುರ ಕಡೆಯ ಒಬ್ಬ ಆಯಿ, ಸಂಜೆಯ ಔಷಧಿಗೆ ಹತ್ತು ಸಲ ಹೋಗಿ ಬಂದು ಎರಡು ಗಂಟೆಗೆ ಕಣ್ಣು ಮುಚ್ಚಿದ್ದರು. ಐದಕ್ಕೆ ಜಗ್ಗು ಹಿಡಿದು ಹೋದಾಗ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ್ದರು, ಎಬ್ಬಿಸಲು ಮನಸ್ಸಾಗಲಿಲ್ಲ. ಅವರ ಬಲಗಡೆಯ ಕರುಳು ಅಂದು ಕಾಣಲಿಲ್ಲ. ನಾಲ್ಕು ದಿನದ ನಂತರ ಮತ್ತೆ ಎಲ್ಲವನ್ನೂ ಕುಡಿಯಬೇಕಾದಾಗ ಆಯಿ ನನ್ನನ್ನು ನೋಡಿದ ನೋಟ ನೆನಪಿದೆ.

ರಾತ್ರಿ ಹೋಗಿ ಬರುವ ದಾರಿಯನ್ನೂ ನೋಡಿ. ವಾರ್ಡಿನ ಶೌಚಾಲಯ ಹಜಾರದ ಕೊನೆಯಲ್ಲಿದ್ದು, ನೆಲ ಒದ್ದೆಯಿದ್ದು, ರೋಗಿಗೆ ತಲೆ ಸುತ್ತುತ್ತಿದ್ದರೆ ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳಲು ಬೇರೇನೂ ಬೇಕಿಲ್ಲ. ಹಾಸಿಗೆಯನ್ನು ಬಾಗಿಲ ಹತ್ತಿರಕ್ಕೆ ಬದಲಿಸಿ, ಕಮೋಡ್ ಕುರ್ಚಿಯನ್ನು ಪಕ್ಕದಲ್ಲಿಡಿ. ಬೆಳಗಿನ ಫಿಟ್ಸ್ ಮಾತ್ರೆ, ಹೃದಯದ ಮಾತ್ರೆಗಳನ್ನು ಔಷಧಿಯ ಜೊತೆಗೇ ಕೊಟ್ಟರೆ ಅವು ಕರಗುವ ಮೊದಲೇ ಕೊಚ್ಚಿಹೋಗುತ್ತವೆ. ಜಗ್ಗು ಆರಂಭವಾಗುವುದಕ್ಕೆ ಒಂದು ಗಂಟೆಗೂ ಹೆಚ್ಚು ಮೊದಲೇ ಕೊಡಿ. ಸಕ್ಕರೆಯ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ವೈದ್ಯರೇ ಹೊಂದಿಸಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆಯ ಮಾತ್ರೆ ನುಂಗುವವರಿದ್ದರೆ, ನಿಲ್ಲಿಸುವ ಬಗ್ಗೆ ವೈದ್ಯರಿಗೆ ಮೂರು ದಿನ ಮೊದಲೇ ನೆನಪಿಸಿ.

ಜಗ್ಗು ಹಿಡಿದು ಹೋಗುವ ಮೊದಲು

ಹೊಟ್ಟೆ ಉಬ್ಬಿದೆ, ವಾಂತಿಯಿದೆ, ಗಾಳಿಯೂ ಹೋಗುತ್ತಿಲ್ಲ ಎಂದರೆ ಯಾವ ಔಷಧಿಯನ್ನೂ ಕುಡಿಸಬೇಡಿ. ಕರುಳು ಕಟ್ಟಿಕೊಂಡಿರಬಹುದು, ಅಂಥ ಕಡೆ ಎರಡು ಲೀಟರ್ ಸುರಿದರೆ ಕರುಳು ಒಡೆಯಬಹುದು. ನುಂಗಲು ತೊಡರುವ, ಅರೆಪ್ರಜ್ಞೆಯ ರೋಗಿಗೆ ಬಾಯಿಯಿಂದ ಕುಡಿಸಲೇಬೇಡಿ. ಔಷಧಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಮೂಗಿನ ನಳಿಕೆಯಿಂದ ಪೆಗ್ ಕೊಡುವುದುಂಟು, ಅದು ವೈದ್ಯರ ನಿರ್ಧಾರ. ತಲೆಬದಿಯನ್ನು ಎತ್ತರಿಸಿ, ಪಕ್ಕದಲ್ಲೇ ಒಬ್ಬರು ಕುಳಿತಿದ್ದು, ನಿಧಾನವಾಗಿ. ಗುದದಿಂದ ರಕ್ತ ಸುರಿಯುತ್ತಾ ಬಂದವರ ಲೆಕ್ಕ ಬೇರೆ. ರಕ್ತದೊತ್ತಡ ಹತೋಟಿಗೆ ಬಂದ ಮೇಲೆ ಅವರಿಗೆ ಮೂರ್ನಾಲ್ಕು ಗಂಟೆಯಲ್ಲಿ 4ರಿಂದ 6 ಲೀಟರ್ ಪೆಗ್ ಕುಡಿಸಿ, ಬರುವುದು ತಿಳಿಯಾದೊಡನೆ ಪರೀಕ್ಷೆಗೆ ಒಯ್ಯುತ್ತಾರೆ. ಅಲ್ಲಿ ಬೇರೆ ಔಷಧಿಗಳ ಹೋಲಿಕೆಯ ಪ್ರಶ್ನೆಯೇ ಇಲ್ಲ.

ಊಟದ ಬಗ್ಗೆ ಕೇಳುವಾಗ "ಹಗುರ ಊಟ ಮಾಡಿದ್ದೀರಾ?" ಎಂದು ಕೇಳಬೇಡಿ. ನಮ್ಮವರಿಗೆ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯವೂ ಹಗುರ ಊಟವೇ. ಹೆಸರು ಹಿಡಿದು ಕೇಳಿ: ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ದಾಳಿಂಬೆ, ಒಣದ್ರಾಕ್ಷಿ, ಪೇರಲ. ಬೀಜಗಳು ಕೊಳವೆಯ ರಂಧ್ರದಲ್ಲಿ ಸಿಕ್ಕಿಕೊಂಡರೆ ನೀರು ಎಳೆಯುವುದೇ ನಿಂತುಹೋಗುತ್ತದೆ. ಬಿಳಿ ಅನ್ನ, ತಿಳಿ ಸಾರು, ಇಡ್ಲಿ, ರವೆ ಗಂಜಿ ಸರಿ. ಔಷಧಿ ಆರಂಭವಾದ ಮೇಲೆ ತಿಳಿ ದ್ರವ ಮಾತ್ರ, ಎಂದರೆ ಲೋಟದ ಆಚೆ ಹಿಡಿದ ಬೆರಳು ಕಾಣಬೇಕು. ಮಜ್ಜಿಗೆ, ಅಂಬಲಿ, ಕಬ್ಬಿನ ಹಾಲು, ಹಾಲು ಹಾಕಿದ ಚಹಾ ಇದರಲ್ಲಿ ಬರುವುದಿಲ್ಲ. ಕಪ್ಪು ಚಹಾ ಬರುತ್ತದೆ. ಬೆಳಗಾವಿಯ ಮನೆಗಳಲ್ಲಿ ಬೇಸಿಗೆಗೆ ಕೋಕಂ ಶರಬತ್ತು ಇದ್ದೇ ಇರುತ್ತದೆ. ತಿಳಿಯಾಗಿದ್ದರೂ ಅದು ಬೇಡ, ಕೆಂಪು ಬಣ್ಣ ಪರದೆಯಲ್ಲಿ ರಕ್ತದಂತೆ ಕಾಣುತ್ತದೆ.

ಬೆಳಿಗ್ಗೆ ಏಳಕ್ಕೆ

ಎಷ್ಟು ಸಲ ಹೋದರು ಎಂಬುದು ಅಳತೆಯಲ್ಲ. ಹದಿನೈದು ಸಲ ಹೋದ ಮೇಲೂ ಕಂದು ಬಣ್ಣ ಉಳಿದಿರಬಹುದು. ಕೊನೆಯ ಸಲದ್ದು ಮೂತ್ರದಂತೆ ಹಳದಿಯಾಗಿ, ತಳ ಕಾಣುವಷ್ಟು ತಿಳಿಯಾಗಿರಬೇಕು. ಇದನ್ನು ಕಣ್ಣಾರೆ ನೋಡಿಯೇ ಬರೆಯಬೇಕು. ಈಗೀಗ ಜೊತೆಗಿರುವ ಹುಡುಗರು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ಮೊಬೈಲಿನಲ್ಲಿ ಫೋಟೊ ತೆಗೆದು ತಂದು ತೋರಿಸುತ್ತಾರೆ, ನನಗೆ ಅದರಿಂದ ಬಹಳ ಅನುಕೂಲವಾಗಿದೆ. ಒಳಗೆ ನಾವು ಅಂಕ ಕೊಡುವ ಪದ್ಧತಿಗೆ ಬಾಸ್ಟನ್ ಮಾಪನವೆಂದು ಹೆಸರು: ಕರುಳಿನ ಬಲಭಾಗ, ಅಡ್ಡಭಾಗ, ಎಡಭಾಗಕ್ಕೆ ತಲಾ ಸೊನ್ನೆಯಿಂದ ಮೂರು. ಒಟ್ಟು ಆರು, ಯಾವುದರಲ್ಲೂ ಎರಡಕ್ಕೆ ಕಡಿಮೆಯಿಲ್ಲವೆಂದರೆ ಪರೀಕ್ಷೆ ನಂಬಬಹುದಾದದ್ದು.

ಏಳಕ್ಕೆ ಇನ್ನೂ ಕಂದು ಬಣ್ಣ ಕಂಡರೆ ರೋಗಿಯನ್ನು ಟ್ರಾಲಿಯಲ್ಲಿ ಮಲಗಿಸಿ ಕಳಿಸಿಬಿಡಬೇಡಿ. ಮೊದಲು ನಮ್ಮ ಕೋಣೆಗೆ ಫೋನ್ ಮಾಡಿ. ಇನ್ನೊಂದೆರಡು ಲೀಟರ್ ಪೆಗ್ ಕುಡಿಸಿ ಮಧ್ಯಾಹ್ನದ ಸರದಿಗೆ ಹಾಕಿಕೊಳ್ಳುವುದು ಅನೇಕ ಸಲ ಸಾಧ್ಯವಾಗುತ್ತದೆ. ಅದೂ ಆಗದಿದ್ದರೆ ಮರುದಿನಕ್ಕೆ. ಆದರೆ ಆ ನಡುವೆ, "ಪರೀಕ್ಷೆ ಇವತ್ತಿಲ್ಲವಂತೆ, ಪಾಪ" ಎಂದು ಮನೆಯವರು ಡಬ್ಬಿ ಬಿಚ್ಚುವ ಮೊದಲು ಹಾಸಿಗೆಯ ಹತ್ತಿರ ಹೋಗಿ ಹೇಳಿ, ರಾತ್ರಿಯವರೆಗೂ ತಿಳಿ ದ್ರವವೇ.